ಮರುಭೂಮಿಯ ಬೇಸಿಗೆಯಲ್ಲಿ ಹಕ್ಕಿ ನೋಡುವಿರಾ? ಹಕ್ಕಿಗಳ ವೇಳಾಪಟ್ಟಿಯನ್ನೇ ಪಾಲಿಸಿ

ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ನೆಲೆಸಿರುವ ಕನ್ನಡಿಗರು ಬಹಳ ಮಂದಿ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಅಲ್ಲಿಗೆ ಹೋಗಿದ್ದಾರೆ. ಹೀಗಾಗಿ ಶಾಲೆಗೆ ರಜೆ ಬಂತೆಂದರೆ, ಮಗನ ಮನೆಗೆಂದು ತಂದೆ ತಾಯಿಯರೂ ಅಣ್ಣನ ಮನೆಗೆಂದು ತಂಗಿಯ ಸಂಸಾರವೂ ಅಲ್ಲಿಗೆ ಹೊರಡುವುದು ವಾಡಿಕೆ. ಎತ್ತರದ ಕಟ್ಟಡಗಳನ್ನೂ ಅಂಗಡಿ ಮಳಿಗೆಗಳನ್ನೂ ನೋಡಿ ಮುಗಿಸಿದವರು ಈಗ ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿ ನೋಡಲು ಹೊರಡುತ್ತಿದ್ದಾರೆ. ಇದು ಸಂತೋಷದ ಸಂಗತಿ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠ ಅಲ್ಲಿನ ಉದ್ಯಾನಗಳ ವಿದ್ಯುತ್ ತಂತಿಯ ಮೇಲೆ ಕುಳಿತಿರುವುದನ್ನು ಕಂಡಾಗ ಯಾವ ಕನ್ನಡಿಗನಿಗಾದರೂ ಊರಿನವರೊಬ್ಬರು ಸಿಕ್ಕಂತೆ ಆಗದಿರದು.

ಆದರೆ ಇಲ್ಲಿ ಎಚ್ಚರಿಕೆಯ ಒಂದು ಮಾತು ಹೇಳಲೇಬೇಕು. ಆ ದೇಶದಲ್ಲಿ ಹಕ್ಕಿ ನೋಡಲು ಒಳ್ಳೆಯ ಕಾಲ ನವೆಂಬರಿನಿಂದ ಮಾರ್ಚ್‌ವರೆಗೆ. ನಮ್ಮ ರಜೆ ಬೀಳುವುದು ಬೇಸಿಗೆಯಲ್ಲಿ. ನಮ್ಮಲ್ಲಿ ಮಳೆ ಹಿಡಿಯುವ ಜೂನ್ ತಿಂಗಳಲ್ಲಿ ಅಲ್ಲಿ ಬಿಸಿಲು ಬಲಿಯುತ್ತದೆ. ಜುಲೈ, ಆಗಸ್ಟ್ ಅತ್ಯಂತ ಕಠಿಣ. ಸೆಪ್ಟೆಂಬರಿನಲ್ಲಿಯೂ ಸೆಕೆ ಬಿಡುವುದಿಲ್ಲ. ಈ ತಿಂಗಳುಗಳಲ್ಲಿ ತಿಳಿವಳಿಕೆಯಿಲ್ಲದೆ ಬಯಲಿಗೆ ಇಳಿದರೆ ಒಂದೆರಡು ಗಂಟೆಯಲ್ಲಿಯೇ ಆರೋಗ್ಯವಂತರೂ ಆಸ್ಪತ್ರೆ ಸೇರುವಂತಾಗಬಹುದು. ವಯಸ್ಸಾದವರಿಗೂ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಿಗೂ ಅದು ಪ್ರಾಣಕ್ಕೇ ಎರವಾಗಬಹುದು.

ಹಾಗೆಂದು ಹೋಗಲೇಬಾರದೆಂದೇನೂ ಇಲ್ಲ. ಅಲ್ಲಿನ ಹಕ್ಕಿಗಳು ಆ ಬಿಸಿಲಿನಲ್ಲಿ ಸಾವಿರಾರು ವರ್ಷಗಳಿಂದ ಬಾಳಿವೆ. ಅವು ಯಾವಾಗ ಹೊರಬರುತ್ತವೆ, ಯಾವಾಗ ಅಡಗುತ್ತವೆ ಎಂಬುದನ್ನು ಗಮನಿಸಿ, ನಿಮ್ಮ ದಿನಚರಿಯನ್ನು ಅದಕ್ಕೆ ಹೊಂದಿಸಿಕೊಂಡರೆ ಹಕ್ಕಿಯೂ ಕಾಣುತ್ತದೆ, ಆರೋಗ್ಯವೂ ಉಳಿಯುತ್ತದೆ.

ಅದು ಎಂತಹ ಬಿಸಿಲು?

‘ಕಲಬುರಗಿ, ರಾಯಚೂರಿನ ಬಿಸಿಲು ಕಂಡವರಿಗೆ ಇದೇನು ಮಹಾ?’ ಎಂದು ಕೆಲವರು ಹೇಳುವುದುಂಟು. ಜುಲೈ, ಆಗಸ್ಟ್‌ನಲ್ಲಿ ದುಬೈನ ಹಗಲಿನ ಗರಿಷ್ಠ ತಾಪಮಾನ ಸರಾಸರಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕೆಲವು ದಿನ 45 ದಾಟುತ್ತದೆ. ಅಂಕಿಯನ್ನಷ್ಟೇ ನೋಡಿದರೆ ಕಲಬುರಗಿಯವರಿಗೆ ಇದು ಹೊಸದಲ್ಲ. ಆದರೆ ಎರಡು ವ್ಯತ್ಯಾಸಗಳಿವೆ.

ಮೊದಲನೆಯದು, ಸಮುದ್ರದ ಬದಿಯ ಊರುಗಳಲ್ಲಿ ಗಾಳಿಯ ತೇವ ವಿಪರೀತ. ಕಲಬುರಗಿಯ ಬಿಸಿಲು, ಮಂಗಳೂರಿನ ಸೆಕೆ ಎರಡೂ ಒಟ್ಟಿಗೆ ಮೈಮೇಲೆ ಬಿದ್ದ ಹಾಗೆ. ಎರಡನೆಯದು, ರಾತ್ರಿಯೂ ಅಲ್ಲಿ ತಂಪಾಗುವುದಿಲ್ಲ. ನಡುರಾತ್ರಿಯಲ್ಲಿಯೂ 30 ಡಿಗ್ರಿಗಿಂತ ಕೆಳಗೆ ಇಳಿಯದ ದಿನಗಳು ಬಹಳ. ಹಗಲೆಲ್ಲ ಬೆಂದ ದೇಹಕ್ಕೆ ಚೇತರಿಸಿಕೊಳ್ಳಲು ವೇಳೆಯೇ ಸಿಗುವುದಿಲ್ಲ.

ಒಳನಾಡಿನ ಮರಳುಗಾಡಿನಲ್ಲಿ ತೇವ ಕಡಿಮೆ, ಬಿಸಿಲು ಹೆಚ್ಚು. ಅಲ್ ಐನ್ ಕಡೆಯ ಸ್ವೈಹಾನ್ ಎಂಬಲ್ಲಿ 2025ರ ಮೇ ತಿಂಗಳಲ್ಲಿಯೇ ತಾಪಮಾನ 51 ಡಿಗ್ರಿ ದಾಟಿತ್ತು. ಬಯಲಿನಲ್ಲಿ ದುಡಿಯುವ ಕೂಲಿಗಳಿಗೆ ಅಲ್ಲಿನ ಸರ್ಕಾರ ಪ್ರತಿ ವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಕಡ್ಡಾಯ ವಿಶ್ರಾಂತಿ ವಿಧಿಸಿದೆ. ಆ ಬಿಸಿಲಿಗೆ ಪಳಗಿದ ಮೈಗಳಿಗೇ ಈ ಕಾನೂನು ಬೇಕಾಗಿದೆ ಎಂದಮೇಲೆ, ನಿನ್ನೆ ವಿಮಾನವಿಳಿದ ನಮ್ಮ ಪಾಡೇನೆಂದು ಯೋಚಿಸಿ.

ದೇಹ ತಣ್ಣಗಾಗುವ ಬಗೆ

ನಮ್ಮ ದೇಹದ ಒಳಗಿನ ತಾಪ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಬೇಕು. ಚರ್ಮದ ತಾಪ ಸಾಮಾನ್ಯವಾಗಿ 35 ಡಿಗ್ರಿ. ಹೊರಗಿನ ಗಾಳಿ ಇದಕ್ಕಿಂತ ತಂಪಾಗಿದ್ದರೆ ಒಳಗಿನ ಶಾಖ ತಾನಾಗಿಯೇ ಹೊರಗೆ ಹರಿಯುತ್ತದೆ. ಗಾಳಿಯೇ 42 ಡಿಗ್ರಿ ಇದ್ದಾಗ ಶಾಖ ಹೊರಗಿನಿಂದ ಒಳಗೆ ನುಗ್ಗುತ್ತದೆ. ಆಗ ಉಳಿಯುವುದು ಒಂದೇ ಉಪಾಯ: ಬೆವರು. ಬೆವರು ಆವಿಯಾಗುವಾಗ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ತಂಪು ನೀಡುವುದು ಆವಿಯಾದ ಬೆವರು ಮಾತ್ರ. ತೊಟ್ಟಿಕ್ಕಿ ಕೆಳಗೆ ಬಿದ್ದ ಬೆವರಿನಿಂದ ನೀರು, ಉಪ್ಪು ನಷ್ಟವಾಯಿತೇ ಹೊರತು ತಂಪು ಸಿಗಲಿಲ್ಲ. ಕಡಲ ಬದಿಯ ತೇವದ ಗಾಳಿಯಲ್ಲಿ ಬೆವರು ಆವಿಯಾಗದೆ ಹಾಗೇ ಇಳಿದುಹೋಗುತ್ತದೆ. ಒಳನಾಡಿನ ಒಣಗಾಳಿಯಲ್ಲಿ ಅದು ಕಾಣುವ ಮೊದಲೇ ಆರಿಹೋಗುವುದರಿಂದ ‘ನನಗೆ ಬೆವರೇ ಇಲ್ಲ’ ಎಂಬ ಭ್ರಮೆಯಲ್ಲಿ ನೀರು ಕುಡಿಯುವುದನ್ನು ಮರೆಯುತ್ತೇವೆ. ಎರಡೂ ಕಡೆ ಅಪಾಯವಿದೆ, ಬಗೆ ಮಾತ್ರ ಬೇರೆ.

ಹಕ್ಕಿಗಳಿಗೆ ಬೆವರು ಗ್ರಂಥಿಗಳೇ ಇಲ್ಲ. ನೀರುಕಾಗೆಯನ್ನು ಗಮನಿಸಿ: ಕೊಕ್ಕು ತೆರೆದು ಗಂಟಲಿನ ಚರ್ಮವನ್ನು ಪಟಪಟ ಬಡಿಯುತ್ತ ಆವಿಯ ಮೂಲಕ ಶಾಖ ಹೊರಹಾಕುತ್ತದೆ. ಅರೇಬಿಯದ ಮರಳುಗಾಡಿನ ನೆಲಗುಬ್ಬಿ ಜಾತಿಯ ಹಕ್ಕಿಗಳು ನಡುಹಗಲಿನಲ್ಲಿ ಉಡದಂತಹ ದೊಡ್ಡ ಹಲ್ಲಿಗಳ ಬಿಲದೊಳಗೆ ಹೊಕ್ಕು ಕೂರುವುದನ್ನು ಸೌದಿ ಅರೇಬಿಯದಲ್ಲಿ ವಿಜ್ಞಾನಿಗಳು 1990ರ ದಶಕದಲ್ಲಿ ದಾಖಲಿಸಿದ್ದಾರೆ. ಸ್ಯಾಂಡ್‌ಗ್ರೌಸ್ ಎಂಬ ಹಕ್ಕಿಯ ಗಂಡು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ದೂರದ ಮರಿಗಳಿಗೆ ಕುಡಿಯಲು ಒಯ್ಯುತ್ತದೆ. ನೆರಳು, ನೀರು, ವಿಶ್ರಾಂತಿ: ಹಕ್ಕಿಗಳ ಈ ಮೂರು ಸೂತ್ರಗಳೇ ನಮಗೂ ಸಾಕು.

ಹೊರಡುವ ಮುನ್ನ

ಟಿಕೆಟ್ ಕಾಯ್ದಿರಿಸುವಾಗಲೇ ವೈದ್ಯರನ್ನೂ ಕಾಣಿರಿ. ಹೊರಡಲು ಎರಡು ಮೂರು ವಾರ ಇರುವಾಗ ಹೋದರೆ ಔಷಧಿಯಲ್ಲಿ ಬದಲಾವಣೆ ಬೇಕಿದ್ದರೆ ಮಾಡಿ ನೋಡಲು ಅವಕಾಶವಿರುತ್ತದೆ. ‘ಬಿಸಿಲಿನ ದೇಶಕ್ಕೆ ಹೋಗುತ್ತಿದ್ದೇನೆ, ಬೆಳಿಗ್ಗೆ ಹೊರಗೆ ನಡೆಯುವವನಿದ್ದೇನೆ’ ಎಂದು ಸ್ಪಷ್ಟವಾಗಿ ಹೇಳಿ.

ಇದೇಕೆಂದರೆ, ಸಾಮಾನ್ಯವಾಗಿ ಬಳಸುವ ಹಲವು ಮಾತ್ರೆಗಳು ಬಿಸಿಲು ತಾಳುವ ಶಕ್ತಿಯನ್ನು ಕುಗ್ಗಿಸುತ್ತವೆ. ರಕ್ತದೊತ್ತಡಕ್ಕೂ ಕಾಲುಬಾವಿಗೂ ಕೊಡುವ ಮೂತ್ರವರ್ಧಕಗಳು ದೇಹದ ನೀರು, ಉಪ್ಪನ್ನು ಹೊರಹಾಕುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಮಾತ್ರೆಗಳು ಹೃದಯದ ಬಡಿತ ಏರದಂತೆ ತಡೆಯುವುದರಿಂದ ಚರ್ಮಕ್ಕೆ ಸಾಕಷ್ಟು ರಕ್ತ ಹರಿಯುವುದಿಲ್ಲ. ಸಕ್ಕರೆ ಕಾಯಿಲೆಗೆ ಈಚೆಗೆ ಹೆಚ್ಚಾಗಿ ಬಳಸುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳಿಂದ ಮೂತ್ರ ಹೆಚ್ಚಿ ನೀರಿನಂಶ ಕಡಿಮೆಯಾಗಬಹುದು. ನೆಗಡಿ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳೂ ಕೆಲವು ಮಾನಸಿಕ ಕಾಯಿಲೆಯ ಔಷಧಿಗಳೂ ಬೆವರನ್ನೇ ತಗ್ಗಿಸುತ್ತವೆ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದರೆ ಬಿಸಿಲಿಗಿಂತ ದೊಡ್ಡ ಅಪಾಯ ಬಂದೀತು. ಪ್ರಮಾಣ ಬದಲಿಸಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಅಲ್ಲಿ ಕಾರಿನಲ್ಲಿ ಬಿಟ್ಟರೆ ಅದು ಕೆಟ್ಟಿತೆಂದೇ ತಿಳಿಯಿರಿ. ಹೊರಗೆ ಹೋಗುವಾಗ ತಂಪುಚೀಲದಲ್ಲಿ, ಮಂಜುಗಡ್ಡೆಗೆ ನೇರವಾಗಿ ತಗುಲದಂತೆ ಬಟ್ಟೆ ಸುತ್ತಿ ಇಡಿ. ಸೆಕೆಯಲ್ಲಿ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಅಂಶ ಇದ್ದಕ್ಕಿದ್ದಂತೆ ಇಳಿಯಬಹುದು. ಜೇಬಿನಲ್ಲಿ ಗ್ಲೂಕೋಸ್ ಅಥವಾ ಖರ್ಜೂರ ಇರಲಿ, ರಕ್ತದ ಸಕ್ಕರೆಯನ್ನು ಎಂದಿಗಿಂತ ಹೆಚ್ಚು ಸಲ ನೋಡಿಕೊಳ್ಳಿ.

ಸಂಯುಕ್ತ ಅರಬ್ ಎಮಿರೇಟ್ಸಿನ ಔಷಧಿ ಕಾನೂನು ಬಹಳ ಬಿಗಿ. ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್, ಅಲ್ಪ್ರಾಜೋಲಾಮ್, ನರದ ನೋವಿಗೆ ಕೊಡುವ ಪ್ರೆಗಾಬಲಿನ್ ಮುಂತಾದವು ಅಲ್ಲಿ ನಿಯಂತ್ರಿತ ಔಷಧಿಗಳು. ಇವನ್ನು ಒಯ್ಯಬೇಕಾದವರು ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಉಳಿದ ಔಷಧಿಗಳಿಗೂ ವೈದ್ಯರ ಚೀಟಿ ಜೊತೆಗಿರಲಿ. ಅಂದಹಾಗೆ, ಮಗನಿಗೆ ಪಾಯಸ ಮಾಡಿಕೊಡಲೆಂದು ಗಸಗಸೆ ಕಟ್ಟಿಕೊಂಡು ಹೋಗಬೇಡಿ. ಅಲ್ಲಿ ಗಸಗಸೆ ನಿಷಿದ್ಧ. ಪ್ರಯಾಣದ ಆರೋಗ್ಯ ವಿಮೆಯನ್ನು ಮಾತ್ರ ಮರೆಯದೆ ಮಾಡಿಸಿ.

ಯಾರು ಈ ಬಿಸಿಲಿನಲ್ಲಿ ಹೊರಗೆ ಹಕ್ಕಿ ನೋಡಲು ಹೋಗಬಾರದು? ಈಚೆಗೆ ಹೃದಯಾಘಾತ ಆದವರು, ಹೃದಯದ ವೈಫಲ್ಯ ಇರುವವರು, ಮೂತ್ರಪಿಂಡದ ಕಾಯಿಲೆ ಬಲಿತವರು, ಹಿಂದೊಮ್ಮೆ ಉಷ್ಣಾಘಾತಕ್ಕೆ ಸಿಕ್ಕಿದವರು ಚಳಿಗಾಲಕ್ಕೆ ಕಾಯುವುದೇ ಲೇಸು. ಜ್ವರ, ವಾಂತಿ, ಭೇದಿಯಿಂದ ಎದ್ದವರು ಪೂರ್ತಿ ಚೇತರಿಸಿಕೊಳ್ಳುವವರೆಗೆ ಮನೆಯಲ್ಲಿರಬೇಕು. ಗರ್ಭಿಣಿಯರು ವೈದ್ಯರನ್ನು ಕೇಳದೆ ಹೊರಡಬಾರದು.

ಮೊದಲ ವಾರ ಮುಖ್ಯ

ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಈ ಅವಧಿಯಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಬಿಸಿಲಿಗೆ ಬಲಿಯಾಗುವವರಲ್ಲಿ ಮೊದಮೊದಲ ದಿನಗಳಲ್ಲಿಯೇ ದುಡುಕಿದವರು ಹೆಚ್ಚು.

ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ. ಕೊನೆಗೆ ಎರಡು ಗಂಟೆ ನಡೆದಾಡುವ ಉದ್ದೇಶವಿದ್ದರೆ ಮೊದಲ ದಿನ ಅದರ ಐದನೆಯ ಒಂದು ಭಾಗ, ಅಂದರೆ 25 ನಿಮಿಷ ಸಾಕು. ಮರುದಿನ 50 ನಿಮಿಷ. ಹೀಗೆ ದಿನಕ್ಕೆ ಐದನೆಯ ಒಂದು ಭಾಗದಂತೆ ಏರಿಸಿ, ಐದನೆಯ ದಿನಕ್ಕೆ ಎರಡು ಗಂಟೆ ತಲುಪಿರಿ. ವಿಮಾನದಲ್ಲಿ ನಿದ್ದೆಗೆಟ್ಟು ಬಂದ ದಿನ ಹೊರಡಲೇಬೇಡಿ.

ಇನ್ನೊಂದು ಮಾತು. ‘ಮಗ ಹತ್ತು ವರ್ಷದಿಂದ ಅಲ್ಲಿದ್ದಾನೆ, ಅವನಿಗೆ ರೂಢಿ’ ಎಂದು ಅವನ ಹೆಜ್ಜೆಗೆ ಹೆಜ್ಜೆ ಹಾಕಬೇಡಿ. ಮನೆ, ಕಾರು, ಕಚೇರಿ ಎಲ್ಲೆಡೆ ಹವಾನಿಯಂತ್ರಣದಲ್ಲಿರುವ ಅವನ ಮೈಯೂ ಬಿಸಿಲಿಗೆ ಒಗ್ಗಿರುವುದಿಲ್ಲ. ಅವನೂ ನಿಮ್ಮ ಹಾಗೆಯೇ ಮೊದಲಿನಿಂದ ಆರಂಭಿಸಬೇಕು.

ದಿನಚರಿ ಹೀಗಿರಲಿ

ಜೂನ್, ಜುಲೈನಲ್ಲಿ ಅಲ್ಲಿ ಸೂರ್ಯೋದಯ ಸುಮಾರು ಐದೂವರೆಗೆ. ಐದು ಗಂಟೆಗೆ ನೀವು ಹಕ್ಕಿತಾಣದಲ್ಲಿ ಇರುವಂತೆ ಹೊರಡಿ. ಬೆಳಗಿನ ಮೊದಲ ಎರಡು ಗಂಟೆಯಲ್ಲಿ ಹಕ್ಕಿಗಳು ಹಾಡುತ್ತವೆ, ಮೇಯುತ್ತವೆ, ನೀರಿಗೆ ಇಳಿಯುತ್ತವೆ. ಏಳೂವರೆಗೆ, ತಪ್ಪಿದರೆ ಎಂಟು ಗಂಟೆಗೆ ಕಾರಿನೊಳಗೆ ಸೇರಿಬಿಡಿ. ಆಮೇಲೆ ಹಕ್ಕಿಗಳೇ ಪೊದೆ, ನೆರಳು ಸೇರುತ್ತವೆ. ಬಿಸಿ ಏರಿದಂತೆ ನೆಲದ ಮೇಲಿನ ಗಾಳಿ ಕುದಿಯುವ ನೀರಿನ ಹಾಗೆ ನಡುಗಿ ದುರ್ಬೀನಿನ ನೋಟವೂ ಮಸುಕಾಗುತ್ತದೆ. ಒಂಬತ್ತು ಗಂಟೆಯ ಮೇಲೆ ನಿಂತು ಗಳಿಸುವುದು ತಲೆನೋವನ್ನು ಮಾತ್ರ.

ಹಗಲು ಮನೆಯಲ್ಲಿ ಊಟ, ನಿದ್ದೆ, ಬೆಳಿಗ್ಗೆ ಕಂಡ ಹಕ್ಕಿಗಳನ್ನು ಪುಸ್ತಕ ನೋಡಿ ಗುರುತಿಸುವುದು. ಸಂಜೆ ಆರರ ಮೇಲೆ ಮನೆ ಸಮೀಪದ ಉದ್ಯಾನದಲ್ಲಿ ಒಂದು ಸುತ್ತು. ಆದರೆ ಸಂಜೆಯನ್ನು ಬೆಳಗಿನಂತೆ ನಂಬಬೇಡಿ. ದಿನವಿಡೀ ಕಾದ ನೆಲ, ಗೋಡೆಗಳು ಆಗಲೂ ಶಾಖ ಉಗುಳುತ್ತಿರುತ್ತವೆ. ಒಂದು ಹೊತ್ತನ್ನೇ ಆರಿಸುವುದಾದರೆ ಬೆಳಗನ್ನು ಆರಿಸಿ.

ಒಂದು ಸಣ್ಣ ಉಪಾಯ: ತಣ್ಣನೆಯ ಕಾರಿನಿಂದ ತೇವದ ಗಾಳಿಗೆ ತೆಗೆದೊಡನೆ ದುರ್ಬೀನಿನ ಗಾಜು ಮಂಜಾಗುತ್ತದೆ. ತಾಣ ತಲುಪುವ ಹತ್ತು ನಿಮಿಷ ಮೊದಲೇ ಕಾರಿನ ತಂಪನ್ನು ಕಡಿಮೆ ಮಾಡಿ. ಗಾಜೂ ಸರಿಹೋಗುತ್ತದೆ, ನಿಮ್ಮ ಮೈಯೂ ಹೊರಗಿನ ಸೆಕೆಗೆ ಸಜ್ಜಾಗುತ್ತದೆ.

ಎಲ್ಲಿಗೆ ಹೋಗುವುದು?

ತಾಣವನ್ನು ಆರಿಸುವಾಗ ಹಕ್ಕಿಗಳ ಸಂಖ್ಯೆಗಿಂತ ಮೊದಲು ನೆರಳು, ಕಾರು ನಿಲ್ಲುವ ಜಾಗ, ಆಸ್ಪತ್ರೆಯ ದೂರ ಇವನ್ನು ನೋಡಿ.

ಮೊದಲ ದಿನಗಳಿಗೆ ಊರೊಳಗಿನ ಉದ್ಯಾನಗಳೇ ಸಾಕು. ನೀಲಕಂಠ, ಚಂದ್ರಮುಕುಟ, ಟಿಟ್ಟಿಭ, ಗೌಜಲಹಕ್ಕಿ, ಗಿಳಿ, ಗೊರವಂಕ, ಸೂರಕ್ಕಿ ಎಲ್ಲವೂ ಅಲ್ಲಿಯೇ ಸಿಗುತ್ತವೆ. ಮಕ್ಕಳಿಗೂ ಅಜ್ಜ ಅಜ್ಜಿಯರಿಗೂ ಇದು ಸುರಕ್ಷಿತ.

ದುಬೈ ನಗರದ ನಡುವೆಯೇ ಇರುವ ರಾಸ್ ಅಲ್ ಖೋರ್ 2007ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜೌಗುನೆಲ. ಚಳಿಗಾಲದಲ್ಲಿ ಇಲ್ಲಿ ರಾಜಹಂಸಗಳ ಜಾತ್ರೆ. ಬೇಸಿಗೆಯಲ್ಲಿಯೂ ಕೆಲವು ಉಳಿದಿರುತ್ತವೆ. ಜುಲೈ ಕೊನೆಯಿಂದ ಉತ್ತರದ ದೇಶಗಳ ಉಲ್ಲಂಕಿ, ಗೊರವಗಳು ಮರಳಿ ಬರತೊಡಗುತ್ತವೆ. ನೆರಳಿನ ಮರೆಗೂಡುಗಳಲ್ಲಿ ಕುಳಿತು ನೋಡಬಹುದೆಂಬುದೇ ಇಲ್ಲಿನ ದೊಡ್ಡ ಅನುಕೂಲ. ತೆರೆಯುವ ವೇಳೆಯನ್ನು ಮಾತ್ರ ಮೊದಲೇ ವಿಚಾರಿಸಿ.

ಅಲ್ ಖುದ್ರಾ ಕೆರೆಗಳು ದುಬೈನ ಮರಳುಗಾಡಿನಲ್ಲಿ ಮನುಷ್ಯರೇ ತೋಡಿದವು. ಹಕ್ಕಿ ಹೇರಳ, ನೆರಳು ವಿರಳ. ಇಲ್ಲಿ ಕಾರಿನಲ್ಲಿಯೇ ಕುಳಿತು ಕಿಟಕಿಯಿಂದ ನೋಡುವುದು ಜಾಣತನ. ಕಾರಿಗೆ ಹಕ್ಕಿಗಳೂ ಅಷ್ಟಾಗಿ ಹೆದರುವುದಿಲ್ಲ.

ಅಬುಧಾಬಿಯ ಅಲ್ ವತ್ಬಾ 1998ರಲ್ಲಿ ರಕ್ಷಿತ ಪ್ರದೇಶವಾಯಿತು. ರಾಜಹಂಸಗಳು ಗೂಡು ಕಟ್ಟಿ ಮರಿ ಮಾಡಿದ ಹೆಗ್ಗಳಿಕೆ ಅದಕ್ಕಿದೆ. ಆದರೆ ಬೇಸಿಗೆಯಲ್ಲಿ ಪ್ರವೇಶ ಇದ್ದೇ ಇರುತ್ತದೆಂದು ನಂಬಿ ಹೊರಡಬೇಡಿ, ಕೇಳಿ ತಿಳಿದು ಹೋಗಿ. ಪೂರ್ವ ಕರಾವಳಿಯ ಖೋರ್ ಕಲ್ಬಾದ ಕಾಂಡ್ಲಾ ಕಾಡಿನಲ್ಲಿ ವಿಶಿಷ್ಟ ಬಗೆಯ ಕೊರಳಪಟ್ಟಿಯ ಮಿಂಚುಳ್ಳಿ ಇದೆ. ಅಲ್ಲಿ ತೇವ ಅತಿ ಹೆಚ್ಚು, ಆದ್ದರಿಂದ ನಡಿಗೆ ಅತಿ ಕಡಿಮೆ ಇರಲಿ.

ಬೆಟ್ಟಗಳು ಬೇಸಿಗೆಯ ವರದಾನ. ಅಲ್ ಐನ್ ಬಳಿಯ ಜೆಬೆಲ್ ಹಫೀತ್ ಸುಮಾರು 1,240 ಮೀಟರ್ ಎತ್ತರ. ತುದಿಯ ಹತ್ತಿರದವರೆಗೂ ಒಳ್ಳೆಯ ರಸ್ತೆಯಿದೆ. ಮೇಲೆ ಬಯಲಿಗಿಂತ ಹಲವು ಡಿಗ್ರಿ ತಂಪು. ಬಿಳಿ ರಣಹದ್ದು ಕಣ್ಣಿನ ಮಟ್ಟದಲ್ಲಿಯೇ ತೇಲಿಹೋಗುವುದನ್ನು ನೋಡಬಹುದು.

ಮಡಗಾಸ್ಕರಿನಿಂದ ಬಂದು ಅಲ್ಲಿನ ಕಡಲ ದ್ವೀಪಗಳಲ್ಲಿ ನಡುಬೇಸಿಗೆಯಲ್ಲಿಯೇ ಮರಿ ಮಾಡುವ ಬೂದುಬಣ್ಣದ ಚಾಣ, ಸಮುದ್ರದ ರೀವಗಳು ಹಕ್ಕಿಪ್ರಿಯರನ್ನು ಸೆಳೆಯುತ್ತವೆ. ಆದರೆ ಗೂಡುಕಟ್ಟುವ ದ್ವೀಪಗಳ ಹತ್ತಿರ ಹೋಗಬಾರದು. ತಾಯಿಹಕ್ಕಿ ಹೆದರಿ ಎದ್ದುಹೋದರೆ ಆ ಬಿಸಿಲಿನಲ್ಲಿ ಮೊಟ್ಟೆಯಾಗಲಿ ಮರಿಯಾಗಲಿ ಕೆಲವೇ ನಿಮಿಷಗಳಲ್ಲಿ ಬೆಂದುಹೋದೀತು.

ನೀರು: ಎಷ್ಟು, ಹೇಗೆ?

ಬಾಯಾರಿಕೆಗೆ ಕಾಯಬೇಡಿ, ವಯಸ್ಸಾದವರಂತೂ ಕಾಯಲೇಬಾರದು. ಅವರಲ್ಲಿ ಬಾಯಾರಿಕೆಯ ಅರಿವೇ ಕಡಿಮೆಯಾಗಿರುತ್ತದೆ. ಹೊರಡುವ ಮೊದಲು ಎರಡು ಲೋಟ ನೀರು ಕುಡಿಯಿರಿ. ನಡೆಯುವಾಗ 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್.

ಹೆಚ್ಚು ಕುಡಿದಷ್ಟೂ ಒಳ್ಳೆಯದೆಂದು ಗಂಟೆಗೆ ಒಂದೂವರೆ ಲೀಟರಿಗಿಂತ ಮೇಲೆ ಬರೀ ನೀರನ್ನು ಸುರಿದುಕೊಳ್ಳುವುದೂ ತಪ್ಪು. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಕೊನೆಗೆ ಫಿಟ್ಸ್ ಬರಬಹುದು. ಒಂದು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ಅಥವಾ ಓಆರ್‌ಎಸ್ ಕುಡಿಯಿರಿ. ಅಲ್ಲಿನ ಅಂಗಡಿಗಳಲ್ಲಿ ಸಿಗುವ ‘ಲಬನ್’ ನಮ್ಮ ಮಜ್ಜಿಗೆಯ ನೆಂಟನೇ. ಉಪ್ಪಿನ ಮಾತ್ರೆ ನುಂಗಬೇಡಿ. ಹೃದಯ, ಮೂತ್ರಪಿಂಡದ ಕಾಯಿಲೆಗಾಗಿ ನೀರಿಗೂ ಉಪ್ಪಿಗೂ ಮಿತಿ ಹೇಳಿಸಿಕೊಂಡವರು ತಮ್ಮ ವೈದ್ಯರು ಹೇಳಿದ ಲೆಕ್ಕವನ್ನೇ ಪಾಲಿಸಬೇಕು.

ಮೂತ್ರದ ಬಣ್ಣ ಒಳ್ಳೆಯ ಅಳತೆಗೋಲು. ತೆಳು ಹಳದಿಯಾಗಿದ್ದರೆ ಸರಿ. ಗಾಢವಾಗಿದ್ದರೆ ಅಂದು ಹೊರಡಬೇಡಿ. ‘ದಾರಿಯಲ್ಲಿ ಶೌಚಾಲಯ ಎಲ್ಲಿದೆಯೋ’ ಎಂಬ ಸಂಕೋಚದಿಂದ ಹೆಣ್ಣುಮಕ್ಕಳು ನೀರು ಕುಡಿಯದೆ ಹೊರಡುವುದುಂಟು. ಇದು ಅಪಾಯಕಾರಿ. ಶೌಚಾಲಯವಿರುವ ತಾಣವನ್ನೇ ಆರಿಸಿಕೊಳ್ಳುವುದು ಸರಿಯಾದ ದಾರಿ. ನೀರಿನಂಶ ಕಡಿಮೆಯಾದಾಗ ತಲೆನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಉಡುಪು, ಕಣ್ಣು, ಕಾರು

ಸಡಿಲವಾದ, ತಿಳಿಬಣ್ಣದ, ಪೂರ್ಣತೋಳಿನ ಬಟ್ಟೆ ಧರಿಸಿ. ಅರಬರ ಉದ್ದನೆಯ ನಿಲುವಂಗಿಯ ಹಿಂದಿರುವುದೂ ಇದೇ ಜಾಣ್ಮೆ. ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ಮುಚ್ಚಿದ ಬೂಟು ಇರಲಿ. ಚಪ್ಪಲಿ ಬೇಡ, ಹಗಲಿನ ಮರಳು ಪಾದ ಸುಡುವಷ್ಟು ಕಾದಿರುತ್ತದೆ. ಬಿಸಿಲು ತಡೆಯುವ ಎಸ್‌ಪಿಎಫ್ 30ರ ಕ್ರೀಮನ್ನು ಎರಡು ಗಂಟೆಗೊಮ್ಮೆ ಹಚ್ಚಿಕೊಳ್ಳಿ. ಹಾರುವ ಹಕ್ಕಿಯನ್ನು ಹಿಂಬಾಲಿಸುತ್ತ ದುರ್ಬೀನನ್ನು ಸೂರ್ಯನತ್ತ ತಿರುಗಿಸಬೇಡಿ. ಕ್ಷಣಮಾತ್ರದಲ್ಲಿ ಅಕ್ಷಿಪಟಲ ಸುಟ್ಟು ದೃಷ್ಟಿ ಶಾಶ್ವತವಾಗಿ ಹೋಗಬಹುದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ.

ಕಾರು ನಿಮ್ಮ ಆಶ್ರಯವೂ ಹೌದು, ಅಪಾಯವೂ ಹೌದು. ನಿಲ್ಲಿಸಿದ ಕಾರಿನ ಒಳಗಿನ ತಾಪ ಅರ್ಧ ಗಂಟೆಯೊಳಗೆ ಹೊರಗಿಗಿಂತ ಸುಮಾರು 20 ಡಿಗ್ರಿ ಏರಬಲ್ಲುದು. ‘ಮಗು ಮಲಗಿದೆ, ಎರಡು ನಿಮಿಷ ಹಕ್ಕಿ ನೋಡಿ ಬರುತ್ತೇವೆ’ ಎಂದು ಎಂದಿಗೂ ಬಿಟ್ಟುಹೋಗಬೇಡಿ. ಊರ ಹೊರಗೆ ಹೋಗುವಾಗ ಕುಡಿಯುವುದಕ್ಕಲ್ಲದೆ ಹೆಚ್ಚುವರಿಯಾಗಿ ಹತ್ತು ಲೀಟರ್ ನೀರು ಇರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಹೇಳಿರಿ. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆಯಬೇಡಿ. ಕಾರಿನ ನೆರಳಿನಲ್ಲಿ ಕುಳಿತು ಸಹಾಯಕ್ಕೆ ಫೋನ್ ಮಾಡಿ.

ಅಪಾಯವನ್ನು ಗುರುತಿಸುವುದು

ಈ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ಮೊದಲ ಹಂತ ಉಷ್ಣದ ಬಳಲಿಕೆ. ಅತಿಯಾದ ಬೆವರು, ತಲೆಸುತ್ತು, ತಲೆನೋವು, ವಾಕರಿಕೆ, ಕಾಲಿನ ಸ್ನಾಯು ಸೆಳೆತ, ವೇಗದ ನಾಡಿ. ಕೂಡಲೇ ತಂಪಾದ ಜಾಗಕ್ಕೆ ಕರೆದೊಯ್ದು, ಮಲಗಿಸಿ ಕಾಲನ್ನು ಸ್ವಲ್ಪ ಎತ್ತರಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಚಿಮುಕಿಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ ಹೋಗಬೇಕು. ಸುಧಾರಿಸಿದರೂ ಅಂದು ಮತ್ತೆ ಹೊರಗೆ ಹೋಗುವಂತಿಲ್ಲ.

ಎರಡನೆಯ ಹಂತ ಉಷ್ಣಾಘಾತ. ವೈದ್ಯರು ಹೀಟ್ ಸ್ಟ್ರೋಕ್ ಎನ್ನುವುದು ಇದನ್ನೇ. ದೇಹದ ಒಳಗಿನ ತಾಪ 40 ಡಿಗ್ರಿ ದಾಟಿ ಮಿದುಳು ತತ್ತರಿಸುವ ಸ್ಥಿತಿ. ಅಸಂಬದ್ಧ ಮಾತು, ಸಿಡಿಮಿಡಿ, ಗೊಂದಲ, ತೂರಾಡುವ ನಡಿಗೆ, ಫಿಟ್ಸ್, ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ‘ಬೆವರು ನಿಂತು ಚರ್ಮ ಒಣಗಿದ್ದರೆ ಮಾತ್ರ ಉಷ್ಣಾಘಾತ’ ಎಂಬ ನಂಬಿಕೆ ತಪ್ಪು. ನಡೆದು ದಣಿದವರಲ್ಲಿ ಬೆವರು ಸುರಿಯುತ್ತಿರುವಾಗಲೇ ಉಷ್ಣಾಘಾತ ಆಗಬಹುದು. ಬಿಸಿಲಿನಲ್ಲಿ ಒಬ್ಬರ ಮಾತು, ನಡತೆ ಬದಲಾಯಿತೆಂದರೆ ಅದು ಉಷ್ಣಾಘಾತವೆಂದೇ ತಿಳಿದು ಕೆಲಸ ಶುರುಮಾಡಿ.

ಆಗ ಸೂತ್ರ ಒಂದೇ: ಮೊದಲು ತಂಪು, ಆಮೇಲೆ ಸಾಗಣೆ. ಒಬ್ಬರು 998ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಯಲಿ. ಅದು ಬರುವವರೆಗೆ ಕೈಕಟ್ಟಿ ಕೂರಬೇಡಿ. ರೋಗಿಯನ್ನು ನೆರಳಿಗೆ ಅಥವಾ ತಂಪುಗಾಳಿ ಹಾಕಿದ ಕಾರಿಗೆ ಒಯ್ಯಿರಿ. ಹೊರಬಟ್ಟೆ ತೆಗೆದು, ಇದ್ದ ನೀರನ್ನೆಲ್ಲ ಮೈಮೇಲೆ ಸುರಿಯಿರಿ. ಒದ್ದೆ ಬಟ್ಟೆ ಹೊದಿಸಿ ರಟ್ಟು, ಟವೆಲ್ ಏನು ಸಿಕ್ಕಿದರೂ ಅದರಿಂದ ಬೀಸಿರಿ. ಮಂಜುಗಡ್ಡೆ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿ ಇಡಿ. ಮನೆ ಅಥವಾ ಹೋಟೆಲಿನ ಸಮೀಪವಿದ್ದರೆ ತಣ್ಣೀರಿನ ತೊಟ್ಟಿಯಲ್ಲಿ ತಲೆ ಮೇಲಿರುವಂತೆ ಹಿಡಿದು ಕುಳ್ಳಿರಿಸುವುದು ಎಲ್ಲಕ್ಕಿಂತ ಪರಿಣಾಮಕಾರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು. ಪ್ಯಾರಸಿಟಮಾಲ್, ಆಸ್ಪಿರಿನ್ ಕೊಡಬಾರದು. ಇದು ಜ್ವರವಲ್ಲ, ಅವು ಕೆಲಸ ಮಾಡುವುದಿಲ್ಲ, ಹಾನಿಯೂ ಆಗಬಹುದು. ಮೊದಲ ಅರ್ಧ ಗಂಟೆಯೊಳಗೆ ತಾಪ ಇಳಿದರೆ ಬದುಕುಳಿಯುವ ಅವಕಾಶ ಬಹಳ ಹೆಚ್ಚು.

ಆದ್ದರಿಂದಲೇ ಒಬ್ಬರೇ ಹಕ್ಕಿ ನೋಡಲು ಹೋಗಬಾರದು. ಉಷ್ಣಾಘಾತದಲ್ಲಿ ಮೊದಲು ಕೆಡುವುದು ಬುದ್ಧಿ. ತನಗೆ ಅಪಾಯವಾಗಿದೆ ಎಂಬುದು ತನಗೇ ತಿಳಿಯುವುದಿಲ್ಲ. ಚಿಕ್ಕ ಮಕ್ಕಳು ಹೇಳಲಾರರು, ಹಿರಿಯರು ‘ಮಕ್ಕಳಿಗೆ ತೊಂದರೆಯೇಕೆ’ ಎಂದು ಹೇಳುವುದಿಲ್ಲ. ಅರ್ಧ ಗಂಟೆಗೊಮ್ಮೆ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿಸುವುದನ್ನು ನಿಯಮ ಮಾಡಿಕೊಳ್ಳಿ.

ಇನ್ನು ಕೆಲವು

ಮರುಭೂಮಿಯ ಹಾವುಗಳು ಬೇಸಿಗೆಯಲ್ಲಿ ರಾತ್ರಿ ಓಡಾಡುತ್ತವೆ. ನಸುಕಿನಲ್ಲಿ ಟಾರ್ಚ್ ಇಲ್ಲದೆ ಕಾಲಿಡಬೇಡಿ. ಬೂಟು ಹಾಕುವ ಮೊದಲು ಕೊಡವಿ ನೋಡಿ, ಚೇಳು ಇರಬಹುದು. ಸತ್ತ ಅಥವಾ ಕಾಯಿಲೆಯ ಹಕ್ಕಿಯನ್ನು ಮುಟ್ಟಬೇಡಿ. ಒಂಟೆಗಳಿಂದ ಮೆರ್ಸ್ ಎಂಬ ಶ್ವಾಸಕೋಶದ ಸೋಂಕು ಹರಡಬಲ್ಲುದು. ಕಾಯಿಸದ ಒಂಟೆ ಹಾಲು ಬೇಡ. ದೂಳಿನ ಗಾಳಿ ಎದ್ದ ದಿನ ಆಸ್ತಮಾ ಇರುವವರು ಮನೆಯಲ್ಲಿಯೇ ಇರಲಿ.

ಕತ್ತರಿಸಿ ಇಟ್ಟುಕೊಳ್ಳಿ

* ಎರಡು ಮೂರು ವಾರ ಮೊದಲೇ ವೈದ್ಯರ ಭೇಟಿ. ಔಷಧಿ ಚೀಟಿ, ವಿಮೆ ಜೊತೆಗಿರಲಿ.
* ಮೊದಲ ದಿನ 25 ನಿಮಿಷ. ಐದನೆಯ ದಿನಕ್ಕೆ ಎರಡು ಗಂಟೆ.
* ಬೆಳಿಗ್ಗೆ ಐದಕ್ಕೆ ತಾಣದಲ್ಲಿ, ಎಂಟಕ್ಕೆ ಕಾರಿನಲ್ಲಿ.
* ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ನೀರು. ಜೊತೆಗೆ ಉಪ್ಪಿನ ಮಜ್ಜಿಗೆ ಅಥವಾ ಓಆರ್‌ಎಸ್.
* ಮಗುವನ್ನು ಕಾರಿನಲ್ಲಿ ಬಿಡುವುದು ಎಂದಿಗೂ ಬೇಡ.
* ಮಾತು ತೊದಲಿದರೆ, ಗೊಂದಲಗೊಂಡರೆ: ಮೊದಲು ತಂಪು, ಆಮೇಲೆ ಸಾಗಣೆ.
* ಆಂಬುಲೆನ್ಸ್ 998, ಪೊಲೀಸ್ 999.

ಪಟ್ಟಿಯಲ್ಲಿ ಎರಡು ಹಕ್ಕಿ ಕಡಿಮೆಯಾದರೆ ನಷ್ಟವೇನಿಲ್ಲ. ಅವು ನಾಳೆ ಬೆಳಿಗ್ಗೆಯೂ ಅಲ್ಲಿಯೇ ಇರುತ್ತವೆ. ನೋಡಲು ನಾವೂ ಕ್ಷೇಮವಾಗಿರಬೇಕು.